ಸ್ಟ್ಯಾಂಡ್‌ಬೈ ಅಂದರೆ ರಜೆ ಅಲ್ಲ ಮಾರಾಯ್ರೆ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಕುಮಟಾದ ಒಬ್ಬರು ಬರೆದಿದ್ದರು. ಪೈಲಟ್‌ಗಳು ಲಕ್ಷಗಟ್ಟಲೆ ಎಣಿಸುತ್ತಾರೆ, ಅದರಲ್ಲೂ ತಿಂಗಳಲ್ಲಿ ಐದಾರು ದಿನ ಸುಮ್ನೆ ಮನೆಯಲ್ಲಿ ಕೂತಿರುತ್ತಾರೆ, ಅಷ್ಟಾದರೂ ವಿಶ್ರಾಂತಿ ಸಾಲದು ಅಂತ ಕೋರ್ಟಿಗೆ ಬೇರೆ ಹೋಗುತ್ತಾರೆ ಅಂತ. ಓದಿ ನಗು ಬಂತು. ಸ್ವಲ್ಪ ಸಿಟ್ಟೂ ಬಂತು. ನನ್ನ ಮಗಳು ಪೈಲಟ್. ನಾನು ಬಸ್ ಡ್ರೈವರ್ ಆಗಿದ್ದವನು, ಘಟ್ಟದ ಮೇಲಿನ ಒಂದು ಡಿಪೋದಲ್ಲಿ 31 ವರ್ಷ ಸ್ಟೇರಿಂಗ್ ಹಿಡಿದು ಈಗ ಮನೆಯಲ್ಲಿದ್ದೇನೆ. ಹಾಗಾಗಿ ಈ ‘ಸುಮ್ನೆ ಕೂರುವುದು’ ಏನು ಅಂತ ನನಗೆ ಎರಡು ಕಡೆಯಿಂದಲೂ ಗೊತ್ತು.

ಮೊದಲು ಬಸ್ಸಿನ ಮಾತು. ನಮ್ಮಲ್ಲಿ ಸ್ಪೇರ್ ಅಂತ ಇತ್ತು. ಬೆಳಿಗ್ಗೆ ಐದಕ್ಕೆ ಖಾಕಿ ಹಾಕಿಕೊಂಡು ಡಿಪೋಗೆ ಬರಬೇಕು, ಆದರೆ ರೂಟ್ ಯಾವುದೂ ಇಲ್ಲ. ಯಾರಿಗಾದರೂ ಜ್ವರ ಬಂದರೆ, ಯಾರದಾದರೂ ಮನೆಯಲ್ಲಿ ಸಾವಾದರೆ, ಆ ಗಾಡಿ ನಮ್ಮ ತಲೆಗೆ. ಅದು ಸಿದ್ದಾಪುರವೋ, ಯಲ್ಲಾಪುರವೋ, ಕಾರವಾರವೋ, ಯಾವುದೋ ಕೊನೆಯ ಹಳ್ಳಿಯ ವಸ್ತಿ ಬಸ್ಸೋ, ಕೈಗೆ ವೇಬಿಲ್ ಬಂದ ಮೇಲೆಯೇ ಗೊತ್ತು. ಲುಂಗಿ, ಟವೆಲ್, ಬ್ರಷ್ ಯಾವಾಗಲೂ ಚೀಲದಲ್ಲೇ. ಯಾರಿಗೂ ಏನೂ ಆಗದಿದ್ದರೆ ಬೆಂಚಿನ ಮೇಲೆ ಕೂತು ನಾಲ್ಕು ಚಾ ಕುಡಿದು ಮನೆಗೆ ಬರುವುದು. ನೋಡಿದವರು ‘ಇವತ್ತು ಆರಾಮ ಅಲ್ವಾ’ ಅನ್ನುತ್ತಿದ್ದರು. ಆರಾಮ ಎಲ್ಲಿಂದ ಬಂತು, ದಿನವಿಡೀ ಕಿವಿ ಕಂಟ್ರೋಲರ್ ಕಿಟಕಿಯ ಕಡೆಗೇ ಇರುತ್ತಿತ್ತು.

ಮಗಳ ಸ್ಟ್ಯಾಂಡ್‌ಬೈ ಇದೇ. ಬೆಂಚು ಮಾತ್ರ ಇಲ್ಲ, ಫೋನ್ ಇದೆ.

ಅವಳ ರೋಸ್ಟರ್‌ನಲ್ಲಿ ಕೆಲವು ದಿನ ಫ್ಲೈಟ್ ನಂಬರ್ ಇರಬೇಕಾದ ಜಾಗದಲ್ಲಿ ಸ್ಟ್ಯಾಂಡ್‌ಬೈ ಅಂತ ಬಂದಿರುತ್ತದೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆ ಅಂತ. ಅದರಲ್ಲೂ ಎರಡು ತರ. ಒಂದು ಮನೆಯಲ್ಲಿ ಕಾಯುವುದು, ಇನ್ನೊಂದು ಯೂನಿಫಾರ್ಮ್ ಹಾಕಿ ವಿಮಾನ ನಿಲ್ದಾಣದಲ್ಲೇ ಕಾಯುವುದು. ಬೇರೆ ಪೈಲಟ್‌ಗೆ ಹುಷಾರಿಲ್ಲದಿದ್ದರೆ, ಅಥವಾ ಮಂಜು ಮಳೆಯಿಂದ ವಿಮಾನ ತಡವಾಗಿ ಒಬ್ಬರ ಡ್ಯೂಟಿ ಗಂಟೆ ಮುಗಿದುಹೋದರೆ ಇವಳಿಗೆ ಕರೆ. ಫೋನ್ ಬಂದ ಮೇಲೆ ಇಷ್ಟು ನಿಮಿಷದಲ್ಲಿ ನಿಲ್ದಾಣದಲ್ಲಿ ಇರಬೇಕು ಅಂತ ಲೆಕ್ಕ ಉಂಟು. ಬೆಂಗಳೂರಿನ ಹೆಬ್ಬಾಳ ಫ್ಲೈಓವರ್ ಕೆಳಗೆ ಒಮ್ಮೆಯಾದರೂ ಸಿಕ್ಕಿಹಾಕಿಕೊಂಡವರಿಗೆ ಈ ಲೆಕ್ಕದ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಅವಳು ಗೆಳತಿಯರಿರುವ ಜಯನಗರ ಬಿಟ್ಟು ಯಲಹಂಕದ ಆಚೆ ಬಾಡಿಗೆ ಮನೆ ಮಾಡಿದ್ದು.

ಒಮ್ಮೆ ನಾನೂ ಅವಳ ಆಯಿಯೂ ನಾಲ್ಕು ದಿನ ಅಲ್ಲಿ ಉಳಿದಿದ್ದೆವು. ಒಂದು ದಿನ ಬೆಳಗಿನ ನಾಲ್ಕರಿಂದ ಸ್ಟ್ಯಾಂಡ್‌ಬೈ. ಮೂರೂವರೆಗೆ ಎದ್ದಳು. ಫೋನ್ ಬಂದರೆ ನಿದ್ದೆಗಣ್ಣಲ್ಲಿ ಮಾತಾಡಬಾರದಲ್ಲ. ಫೋನ್ ಬಚ್ಚಲುಮನೆಯ ಸೋಪಿನ ಗೂಡಿಗೂ ಜೊತೆಗೇ ಹೋಯಿತು. ತಲೆಸ್ನಾನ ಮಾಡಲಿಲ್ಲ, ಕೂದಲು ಒಣಗುವುದರೊಳಗೆ ಕರೆದರೆ ಕಷ್ಟ ಅಂತ. ಪೆಟ್ಟಿಗೆಯಲ್ಲಿ ಎರಡು ರಾತ್ರಿಯ ಬಟ್ಟೆ, ಸ್ವೆಟರ್ ಸೇರಿ, ಯಾಕೆಂದರೆ ರಾತ್ರಿ ಚೆನ್ನೈಯಲ್ಲೋ ಅಮೃತಸರದಲ್ಲೋ ಗೊತ್ತಿಲ್ಲ. ಎಂಟಾಯಿತು, ಹತ್ತಾಯಿತು. ಸ್ವಲ್ಪ ಮಲಗು ತಂಗಿ ಅಂದೆ. ಮಲಗಿದಳು, ಹತ್ತು ನಿಮಿಷಕ್ಕೊಮ್ಮೆ ಕೈ ಫೋನಿನ ಮೇಲೆ. ಮಧ್ಯಾಹ್ನ ಒಂದಕ್ಕೆ, ತಟ್ಟೆಗೆ ಅನ್ನ ಬಡಿಸಿ ಇನ್ನೇನು ತಂಬುಳಿ ಹಾಕಬೇಕು ಅನ್ನುವಾಗ ಫೋನ್ ಬಂತು. ಹೊರಟೇಬಿಟ್ಟಳು. ಇಳಿದು ಹೋಟೆಲ್ ಸೇರಿದ ಮೆಸೇಜ್ ಬಂದಾಗ ನಡುರಾತ್ರಿ ದಾಟಿತ್ತು. ಮೂರೂವರೆಗೆ ಎದ್ದವಳು.

ಕುಮಟಾದವರೇ, ಇದರಲ್ಲಿ ‘ಮನೆಯಲ್ಲಿ ಕೂತಿದ್ದ’ ಗಂಟೆಗಳನ್ನು ಯಾವ ಖಾತೆಗೆ ಹಾಕುತ್ತೀರಿ? ನಿದ್ದೆಯೂ ಅಲ್ಲ, ಕೆಲಸವೂ ಅಲ್ಲ. ಫೋನ್ ಬರಬಹುದು ಅಂತ ಮಲಗಿದ ನಿದ್ದೆ ನಿದ್ದೆಯಲ್ಲ. ಬಾಣಂತಿಯರಿಗೆ ಕೇಳಿ, ಕರು ಹಾಕುವ ಹಸುವಿನ ಕೊಟ್ಟಿಗೆಯ ಪಕ್ಕ ಮಲಗಿದವರಿಗೆ ಕೇಳಿ.

ಇನ್ನೊಬ್ಬರು ನನ್ನ ಹತ್ತಿರ ವಾದ ಹಾಕಿದ್ದರು, ನಮ್ಮ ಯಕ್ಷಗಾನದವರು ರಾತ್ರಿಯಿಡೀ ಕುಣಿಯುವುದಿಲ್ಲವಾ, ಅವರೇನು ವಿಶ್ರಾಂತಿ ನಿಯಮ ಕೇಳಿದರಾ ಅಂತ. ಸರಿಯೇ, ಆದರೆ ಮೇಳದವರಿಗೆ ತಿರುಗಾಟ ಶುರುವಾದ ಮೇಲೆ ತಿಂಗಳುಗಟ್ಟಲೆ ಒಂದೇ ಕ್ರಮ. ರಾತ್ರಿ ಆಟ, ಹಗಲು ನಿದ್ದೆ. ಮೈ ಅದಕ್ಕೆ ಒಗ್ಗುತ್ತದೆ. ಇವಳಿಗೆ ನಿನ್ನೆ ರಾತ್ರಿ, ಇವತ್ತು ರಜೆ, ನಾಳೆ ಬೆಳಗಿನ ಜಾವ, ನಾಡಿದ್ದು ಮಧ್ಯಾಹ್ನ. ಯಾವುದಕ್ಕೆ ಒಗ್ಗುವುದು?

ಅಮೆರಿಕದಲ್ಲಿ ಇದನ್ನೇ ರಿಸರ್ವ್ ಅನ್ನುತ್ತಾರಂತೆ. ಅಲ್ಲಿ ಎಲ್ಲ ಸೀನಿಯಾರಿಟಿ ಮೇಲೆ. ಹಳಬರು ಬೇಕಾದ ಶೆಡ್ಯೂಲ್ ಆರಿಸಿಕೊಳ್ಳುತ್ತಾರೆ, ಹೊಸಬರಿಗೆ ರಿಸರ್ವ್. ಅದರಲ್ಲಿ ತಕ್ಷಣ ಓಡಿಬರಬೇಕಾದ್ದು ಶಾರ್ಟ್ ಕಾಲ್, ಮಲಗಿ ಎದ್ದು ಬರುವಷ್ಟು ಸಮಯ ಕೊಟ್ಟು ಕರೆಯುವುದು ಲಾಂಗ್ ಕಾಲ್. ಎರಡನೆಯದು ಒಳ್ಳೆಯ ಕ್ರಮ ಅನ್ನಿಸಿತು ನನಗೆ. ದೂರದ ಊರಲ್ಲಿ ಮನೆ ಇದ್ದವರು ನಿಲ್ದಾಣದ ಹತ್ತಿರ ಏಳೆಂಟು ಜನ ಸೇರಿ ಒಂದು ಮನೆ ಬಾಡಿಗೆಗೆ ಹಿಡಿದು ಸರದಿಯಲ್ಲಿ ಮಲಗುವುದೂ ಉಂಟಂತೆ. ನಮ್ಮ ಡಿಪೋದ ರೆಸ್ಟ್ ರೂಮ್ ನೆನಪಾಯಿತು, ತಿಗಣೆ ಸಮೇತ.

ಈಗ ನಿದ್ದೆಯ ವಿಷಯ. ಇದನ್ನು ನಾನು ಹೆಂಡತಿಗೂ ತಡವಾಗಿಯೇ ಹೇಳಿದ್ದು. ದೇವಿಮನೆ ಘಟ್ಟ, ಬೆಳಗಿನ ಜಾವ ನಾಲ್ಕರ ಸುಮಾರು, ಡಬಲ್ ಡ್ಯೂಟಿ, ಹಿಂದೆ ಮೂವತ್ತು ಮೂವತ್ತೈದು ಜನ. ಕಣ್ಣು ತೆರೆದೇ ಇತ್ತು ಅಂತ ನಾನು ಆಣೆ ಮಾಡುತ್ತಿದ್ದೆ, ಆದರೆ ಎರಡು ತಿರುವು ದಾಟಿದ್ದು ನನಗೆ ನೆನಪೇ ಇಲ್ಲ. ಕಂಡಕ್ಟರ್ ‘ಅಣ್ಣಾ’ ಅಂತ ಕೂಗಿದ. ಬದಿಗೆ ನಿಲ್ಲಿಸಿ ಮುಖಕ್ಕೆ ನೀರು ಹಾಕಿಕೊಂಡೆ, ಕೈ ನಡುಗುತ್ತಿತ್ತು. ರಾತ್ರಿ ಎರಡರಿಂದ ಬೆಳಿಗ್ಗೆ ಆರರ ನಡುವೆ ಮನುಷ್ಯನ ಮೈ ಅತಿ ಮಂದವಾಗಿರುತ್ತದೆ ಅಂತ ವಿಮಾನದವರ ನಿಯಮದಲ್ಲೇ ಲೆಕ್ಕ ಇದೆಯಂತೆ. ನನಗೆ ಅದನ್ನು ದೇವಿಮನೆ ಕಲಿಸಿತ್ತು.

ಕರಾವಳಿಯವರಿಗೆ ಮಂಗಳೂರು ನೆನಪಿರಬೇಕು. 2010ರ ಮೇ 22, ಬೆಳಿಗ್ಗೆ ಆರರ ಸುಮಾರಿಗೆ, ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಜನ ಹೋದರು, ಉಳಿದವರು ಎಂಟೇ ಮಂದಿ. ಕ್ಯಾಪ್ಟನ್ ದಾರಿಯಲ್ಲಿ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮೇಲೂ ಆ ಮಂಪರು ಪೂರ್ತಿ ಬಿಟ್ಟಿರಲಿಲ್ಲ ಅಂತ ತನಿಖಾ ವರದಿಯಲ್ಲಿ ಇದೆ. ಸತ್ತವರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಪೈಲಟ್ ನಿದ್ದೆ ಕೇಳಿದರೆ ಸೊಕ್ಕು ಅನ್ನುವವರಿಗಾಗಿ ಬರೆಯುತ್ತಿದ್ದೇನೆ.

ಕೋರ್ಟಿಗೆ ಹೋಗಿದ್ದೂ ಇದಕ್ಕೇ. ವಿಮಾನಯಾನ ನಿರ್ದೇಶನಾಲಯ 2024ರ ಜನವರಿಯಲ್ಲೇ ಹೊಸ ನಿಯಮ ಹೊರಡಿಸಿತ್ತು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ. ರಾತ್ರಿ ಅಂದರೆ ಐದರವರೆಗೆ ಅಲ್ಲ, ಆರರವರೆಗೆ. ಒಬ್ಬ ಪೈಲಟ್ ಮಾಡಬಹುದಾದ ರಾತ್ರಿಯ ಲ್ಯಾಂಡಿಂಗ್ ಆರು ಸಲದ ಬದಲು ಎರಡೇ ಸಲ. ಕಂಪನಿಗಳು ಆಗುವುದಿಲ್ಲ ಅಂದವು, ನಿಯಮ ಮುಂದೆ ಹೋಯಿತು, ಪೈಲಟ್‌ಗಳ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಕೊನೆಗೆ 2025ರ ಜುಲೈಯಲ್ಲಿ ಒಂದು ಕಂತು, ನವೆಂಬರ್‌ನಲ್ಲಿ ಇನ್ನೊಂದು ಕಂತು ಜಾರಿಗೆ ಬಂತು. ಸುಮಾರು ಎರಡು ವರ್ಷ ಸಮಯ ಇತ್ತು ನೋಡಿ. ಆದರೂ ಡಿಸೆಂಬರ್‌ನಲ್ಲಿ ಏನಾಯಿತು? ದೇಶದ ಅತಿ ದೊಡ್ಡ ಕಂಪನಿಯ ಸಾವಿರಾರು ವಿಮಾನ ರದ್ದು. ನಮ್ಮ ಹುಬ್ಬಳ್ಳಿಯಲ್ಲೇ ಮದುಮಕ್ಕಳಿಲ್ಲದೆ ಆರತಕ್ಷತೆ ನಡೆಯಿತು, ಅವರು ಭುವನೇಶ್ವರದಲ್ಲಿ ಸಿಕ್ಕಿಹಾಕಿಕೊಂಡು ವಿಡಿಯೊ ಕಾಲ್‌ನಲ್ಲಿ ಕೈಮುಗಿದರು. ಜನ ಬೈದಿದ್ದು ಮಾತ್ರ ಪೈಲಟ್‌ಗಳನ್ನು. ವಿಶ್ರಾಂತಿ ಕೇಳಿ ನಮ್ಮ ಮದುವೆ ಕೆಡಿಸಿದರು ಅಂತ.

ಯೋಜನೆ ಮಾಡುವುದರಲ್ಲಿ ತಪ್ಪಾಯಿತು ಅಂತ ಆ ಕಂಪನಿಯೇ ಒಪ್ಪಿಕೊಂಡಿದೆ. ಆದರೂ ರಾತ್ರಿಯ ನಿಯಮದಲ್ಲಿ 2026ರ ಫೆಬ್ರವರಿ 10ರವರೆಗೆ ಅದಕ್ಕೆ ವಿನಾಯಿತಿಯೂ ಸಿಕ್ಕಿತು. ಮಗಳದು ಯಾವ ಕಂಪನಿ ಅಂತ ನಾನು ಇಲ್ಲಿ ಬರೆಯುವುದಿಲ್ಲ. ಬಸ್ಸಿನವನ ಬುದ್ಧಿಗೆ ತೋಚಿದ್ದು ಇಷ್ಟು. ಸ್ಪೇರ್ ಕಡಿಮೆ ಇಟ್ಟ ಡಿಪೋದಲ್ಲಿ ಎಲ್ಲ ಸರಿ ಇರುವಷ್ಟು ದಿನ ಲೆಕ್ಕ ಬಹಳ ಚಂದ ಕಾಣುತ್ತದೆ. ಯಾರೂ ಬೆಂಚಿನ ಮೇಲೆ ಕೂತಿಲ್ಲ, ಸಂಬಳ ದಂಡ ಆಗಿಲ್ಲ. ಜಾತ್ರೆ ಬಂತೋ, ನಾಲ್ಕು ಜನಕ್ಕೆ ಜ್ವರ ಬಂತೋ, ಗಾಡಿ ನಿಂತಲ್ಲೇ. ಆವತ್ತು ಬಸ್ ಸ್ಟ್ಯಾಂಡಿನಲ್ಲಿ ಬೈಗುಳ ತಿನ್ನುವುದು ಆ ಲೆಕ್ಕ ಬರೆದವನಲ್ಲ, ಎದುರಿಗೆ ಸಿಕ್ಕ ಡ್ರೈವರ್. ಹೊಸ ನಿಯಮದಲ್ಲಿ ಒಬ್ಬೊಬ್ಬರು ಹಾರಿಸುವುದು ಕಡಿಮೆಯಾದರೆ ಕಾಯುವವರು ಜಾಸ್ತಿ ಬೇಕು. ಇದಕ್ಕೆ ದೊಡ್ಡ ಓದು ಬೇಕಾ?

ಕುಮಟಾದವರು ಸಂಬಳದ ವಿಷಯ ಹೇಳಿದ್ದು ಸುಳ್ಳಲ್ಲ. ನನ್ನ ಇಡೀ ವರ್ಷದ ಸಂಬಳ ಅವಳಿಗೆ ಬೇಗ ಬಂದುಬಿಡುತ್ತದೆ, ಖುಷಿಯೇ. ಆದರೆ ಲೈಸೆನ್ಸ್‌ಗೆ ಬೇಕಾದ 200 ಗಂಟೆ ಹಾರಾಟಕ್ಕೆ, ಆಮೇಲೆ ಆ ಒಂದು ಮಾದರಿಯ ವಿಮಾನದ ತರಬೇತಿಗೆ, ಅಡಿಕೆ ತೋಟ ಅಡ ಇಟ್ಟಿದ್ದು ಇನ್ನೂ ಬಿಡಿಸಿಕೊಂಡಿಲ್ಲ. ಸ್ಟ್ಯಾಂಡ್‌ಬೈ ದಿನ ಕರೆಯದಿದ್ದರೆ ಹಾರಾಟದ ಭತ್ಯೆಯೂ ಇಲ್ಲ. ಪೈಲಟ್‌ಗಳಲ್ಲೂ ಹಬ್ಬದ ದಿನ ಹೊಟ್ಟೆನೋವು ಅನ್ನುವವರು ಇರುತ್ತಾರೆ ಅಂತ ಅವಳೇ ಹೇಳುತ್ತಾಳೆ. ಆ ಹೊಟ್ಟೆನೋವು ಬಂದು ಬೀಳುವುದೂ ಸ್ಟ್ಯಾಂಡ್‌ಬೈ ಇದ್ದವರ ಮೇಲೆಯೇ.

ಮನೆಯವರ ಪಾಡು ಬೇರೆ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಗೆ ಅವಳಿಗೆ ಸಿಕ್ಕಿದ್ದು ವಾರದ ಆ 48 ಗಂಟೆ. ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್, ಊರಲ್ಲಿ ಕೂತು ಸ್ಟ್ಯಾಂಡ್‌ಬೈ ಮಾಡಲು ಆಗುವುದಿಲ್ಲ. ಹುಬ್ಬಳ್ಳಿ ವಿಮಾನಕ್ಕೆ ಸ್ಟಾಫ್ ಟಿಕೆಟ್ ಇತ್ತು, ಅದು ಸೀಟು ಖಾಲಿ ಉಳಿದರೆ ಮಾತ್ರ ಸಿಗುವ ಟಿಕೆಟ್, ಅಂದರೆ ಅಲ್ಲೂ ಕಾಯುವುದೇ. ಉಳಿಯಲಿಲ್ಲ. ರಾತ್ರಿ ಬಸ್ ಹಿಡಿದು ಬಂದಳು. ಬಿಡಕಿಬೈಲಿನ ಗದ್ದುಗೆಯ ಮುಂದೆ ಕೈಮುಗಿದು, ಮನೆಗೆ ಬಂದು ಜಗುಲಿಯ ಮೇಲೆ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ. ಪಕ್ಕದ ಮನೆಯವರು ಬಂದು ‘ಪೈಲಟ್ ಅಂತೀರಿ, ಬಸ್ಸಲ್ಲಿ ಬಂದಿದಾಳೆ’ ಅಂತ ನಗಾಡಿದರು. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದ ಮೇಲೆ ನೋಡುವಾ ಅಂದೆ. ಕೆಮ್ಮುತ್ತಿದ್ದಳು, ಆಯಿ ದಶಮೂಲಾರಿಷ್ಟದ ಬಾಟಲಿ ತಂದರೆ ಅದೂ ಬೇಡ. ಹಾರುವ ಮೊದಲು ಊದಿಸಿ ನೋಡುತ್ತಾರೆ, ಅರಿಷ್ಟದಲ್ಲಿ ಮದ್ಯದ ಅಂಶ ಇರುತ್ತದೆ ಅಂತ. ಕೊನೆಗೆ ಶುಂಠಿ ಕಷಾಯ ಕುಡಿದು ಹೋದಳು.

ಸಂಪಾದಕರೇ, ನಿಮ್ಮ ಹತ್ತಿರ ಒಂದೇ ಕೇಳಿಕೆ. ಇನ್ನೊಮ್ಮೆ ವಿಮಾನ ರದ್ದಾದಾಗ ‘ಪೈಲಟ್‌ಗಳ ಕೊರತೆ’ ಅಂತ ಎರಡು ಪದದಲ್ಲಿ ಮುಗಿಸಬೇಡಿ. ಆ ದಿನ ಸ್ಟ್ಯಾಂಡ್‌ಬೈಯಲ್ಲಿ ಎಷ್ಟು ಜನ ಇದ್ದರು, ಹಿಂದಿನ ವರ್ಷ ಅದೇ ದಿನ ಎಷ್ಟು ಜನ ಇದ್ದರು ಅಂತ ಕಂಪನಿಯವರಿಗೆ ಕೇಳಿ, ಉತ್ತರ ಕೊಟ್ಟರೆ ಅದನ್ನು ಹಾಕಿ, ಕೊಡದಿದ್ದರೆ ಕೊಡಲಿಲ್ಲ ಅಂತಲೇ ಹಾಕಿ.

ಇತಿ,
ಒಬ್ಬ ನಿವೃತ್ತ ಬಸ್ ಚಾಲಕ
ಶಿರಸಿ ತಾಲ್ಲೂಕು