ಲಾಗ್‌ಬುಕ್ಕಿನ ಒಂದು ಸಾಲು

ಪ್ರೀತಿಯ ಪುಟ್ಟಿ,

ನನ್ನ ಹಾರಾಟದ ದಿನಗಳ ಬಗ್ಗೆ ನಾನು ಬರೆದು, ನೀನು ತಿದ್ದಿ ಕಳಿಸಿದ ಹಾಳೆಗಳು ಬಂದವು. ಏಳನೇ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಲ್ಲಿ ಬರೆದಿದ್ದೀಯ: ‘ಅಪ್ಪ, ಇಲ್ಲಿ ಏನೋ ಬಿಟ್ಟಿದ್ದೀಯ.’ ಎರಡು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ ಪ್ರತಿ ಹಾರಾಟವನ್ನೂ ಬರೆದಿಡುತ್ತಿದ್ದ ಹಳೆಯ ಲಾಗ್‌ಬುಕ್ ತೆಗೆದೆ.

1999ರ ಜೂನ್. ಆ ಸಾಲಿನಲ್ಲಿ ಇರೋದು ಇಷ್ಟೇ: ಮಿಗ್-21, 45 ನಿಮಿಷ, ಡಿಸಿಓ. ‘ಡ್ಯೂಟಿ ಕ್ಯಾರೀಡ್ ಔಟ್’, ಅಂದರೆ ಹೇಳಿದ ಕೆಲಸ ಮುಗಿಸಿ ಬಂದೆ ಅಂತ. ವಾಯುಪಡೆಯಲ್ಲಿ ಇಪ್ಪತ್ತು ವರ್ಷ ನಾನು ಬರೆದಿದ್ದು ಇಂಥ ಸಾಲುಗಳನ್ನೇ. ನೀನು ಕತೆ ಕೇಳಿದರೆ ಕೈ ಇನ್ನೂ ಅದನ್ನೇ ಬರೆಯುತ್ತೆ.

ಬಿಟ್ಟಿದ್ದು ಹೇಳ್ತೀನಿ. ಕಾರ್ಗಿಲ್‌ನಲ್ಲಿ ವಾಯುದಾಳಿ ಶುರುವಾಗಿದ್ದು ಮೇ 26ಕ್ಕೆ. 27ಕ್ಕೆ ನಮ್ಮ ಎರಡು ಯುದ್ಧವಿಮಾನ ಕಳೆದುಕೊಂಡೆವು, 28ಕ್ಕೆ ಒಂದು ಹೆಲಿಕಾಪ್ಟರ್. ಕೆಳಗಿದ್ದವರ ಹತ್ತಿರ ಹೆಗಲ ಮೇಲಿಟ್ಟು ಹಾರಿಸುವ ಕ್ಷಿಪಣಿಗಳಿದ್ದವು. ಹಾಗಾಗಿ ಅವು ಎಟುಕದಷ್ಟು ಮೇಲಿಂದ ಬಾಂಬ್ ಹಾಕಬೇಕಾಯಿತು. ಗುರಿಗಳೋ 16–18 ಸಾವಿರ ಅಡಿಯ ಶಿಖರಗಳು. ಅಲ್ಲಿ ಗಾಳಿ ತೆಳು, ಬಯಲಿನಲ್ಲಿ ಕಲಿತ ಲೆಕ್ಕ ಕೂಡುವುದಿಲ್ಲ. ನಮ್ಮ ಕೈಲಿದ್ದದ್ದು ಒಂದು ಪುಟ್ಟ ಜಿಪಿಎಸ್, ಒಂದು ಸ್ಟಾಪ್‌ವಾಚ್. ಗುಂಡಿ ಒತ್ತು, ಸೆಕೆಂಡ್ ಎಣಿಸು, ಬಾಂಬ್ ಬಿಡು, ತಿರುಗು. ನಿಯಂತ್ರಣ ರೇಖೆ ದಾಟುವ ಹಾಗಿಲ್ಲ.

ಆವತ್ತು ತಿರುಗಿದ ಮೇಲೆ ನಾನು ಹಿಂದೆ ನೋಡಲಿಲ್ಲ. ಬಾಂಬ್ ಎಲ್ಲಿ ಬಿತ್ತೋ ಇವತ್ತಿಗೂ ಗೊತ್ತಿಲ್ಲ. ಡಿಸಿಓ ಅಂತ ಮಾತ್ರ ಬರೆದೆ. ನೀನು ಚಿಕ್ಕವಳಿದ್ದಾಗ ‘ಭಯ ಆಗ್ತಿತ್ತಾ ಅಪ್ಪ?’ ಅಂತ ಕೇಳಿದ್ದೆ. ‘ಅದಕ್ಕೆಲ್ಲ ಟೈಮ್ ಎಲ್ಲಿತ್ತು’ ಅಂದು ನಕ್ಕಿದ್ದೆ. ಹಾರುವಾಗ ಇರಲಿಲ್ಲ, ನಿಜ. ಹಿಂದಿನ ರಾತ್ರಿ ಬೇಕಾದಷ್ಟು ಟೈಮ್ ಇತ್ತು.

ಆಮೇಲಿನದ್ದು ನಿನಗೆ ಗೊತ್ತಿರೋದೇ. ನಲವತ್ತೊಂದಕ್ಕೆ ಪಡೆ ಬಿಟ್ಟೆ. ಇಪ್ಪತ್ತರ ಹುಡುಗರ ಪಕ್ಕ ಕೂತು ಹವಾಮಾನ, ನ್ಯಾವಿಗೇಶನ್ ಅಂತ ಮತ್ತೆ ಪರೀಕ್ಷೆ ಬರೆದೆ. ಪ್ರಯಾಣಿಕರ ವಿಮಾನದಲ್ಲಿ ಬಲಗಡೆ ಸೀಟು, ಅಂದರೆ ಕೋ-ಪೈಲಟ್. ಎಡಗಡೆ ಕ್ಯಾಪ್ಟನ್ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಮಿಗ್‌ನಲ್ಲಿ ಒಬ್ಬನೇ ಕೂತು ರೂಢಿಯಾದವನು ನಾನು, ಎಲ್ಲವನ್ನೂ ಮನಸ್ಸಿನಲ್ಲೇ ಮಾಡಿಕೊಳ್ಳುತ್ತಿದ್ದೆ. ಒಂದು ದಿನ ಆಕೆ ಮೆತ್ತಗೆ ಹೇಳಿದಳು, ‘ಸರ್, ಅಂದುಕೊಂಡಿದ್ದನ್ನ ಬಾಯಿಬಿಟ್ಟು ಹೇಳಿ. ನಿಮ್ಮ ತಲೆಯೊಳಗೆ ನನಗೆ ಕಾಣಲ್ಲ.’ ನಾಚಿಕೆಯಾಯಿತು. ಯುದ್ಧಕ್ಕಿಂತ ಅದು ಕಷ್ಟ ಅಂದರೆ ನಗ್ತೀಯ, ಆದರೆ ಒಂದು ವರ್ಷ ಹಿಡಿಯಿತು.

ಬರೆಯೋಕೆ ಕೂತಿದ್ದು 2025ರ ಸೆಪ್ಟೆಂಬರ್ 26ರ ರಾತ್ರಿ. ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳೋದನ್ನ ಟಿವಿಯಲ್ಲಿ ನೋಡಿದ್ದೆ. 1963ರಿಂದ ಹಾರಿದ ವಿಮಾನ, ನನಗಿಂತ ಹಿರಿದು. ಬ್ಯಾಚಿನ ಗೆಳೆಯರೆಲ್ಲ ಕವಿತೆ ಕಳಿಸುತ್ತಿದ್ದರು, ಒಂದೂ ಓದುವಂತಿರಲಿಲ್ಲ. ಸುಮ್ನೆ ನೋಟ್‌ಬುಕ್ ತೆಗೆದೆ. ಆ ರಾತ್ರಿ ಬರೆದಿದ್ದೇನು ಗೊತ್ತಾ? ಎತ್ತರ, ವೇಗ, ಇಂಧನ. ಮನುಷ್ಯರೇ ಇರಲಿಲ್ಲ.

ಏಳನೇ ಪುಟ ಮತ್ತೆ ಬರೆದು ಇದರ ಜೊತೆ ಇಟ್ಟಿದ್ದೀನಿ. ಈಗ ಅದು ನಾಲ್ಕು ಪುಟ ಆಗಿದೆ. ಪೆನ್ಸಿಲ್ ಹಿಡಿದೇ ಓದು. ಅಮ್ಮನಿಗೆ ಇನ್ನೂ ತೋರಿಸಿಲ್ಲ.

ನಿನ್ನ ಅಪ್ಪ