ಮುರಿದ ರಾಡು ಬಿಟ್ಟುಕೊಡಬೇಡಿ, ಸ್ಟಿಕರ್ ಕೇಳಿ ಇಸ್ಕೊಳ್ಳಿ

ಮಾನ್ಯ ಸಂಪಾದಕರೇ,

ವರ್ಷಕ್ಕೆರಡು ಸಲ, ಮಾರ್ಚ್ 15ಕ್ಕೊಂದು ಡಿಸೆಂಬರ್ 24ಕ್ಕೊಂದು, ಗ್ರಾಹಕರ ದಿನ ಅಂತ ಮಂಡ್ಯದಲ್ಲೂ ಮೈಸೂರಲ್ಲೂ ಸಭೆ ಆಗುತ್ತೆ, ಬಿಲ್ ಕೇಳಿ ಪಡೀರಿ, ಎಂಆರ್‌ಪಿಗಿಂತ ಜಾಸ್ತಿ ಕೊಡಬೇಡಿ ಅಂತ ಭಾಷಣ ಮಾಡ್ತಾರೆ, ಮಾರನೇ ದಿನ ಪೇಪರಲ್ಲಿ ಫೋಟೋ ಬರುತ್ತೆ. ಅದೂ ಬೇಕು, ಬೇಡ ಅನ್ನಲ್ಲ. ಆದ್ರೆ ದುಡ್ಡು ಕೊಟ್ಟು ತಗೊಂಡ ವಸ್ತುನೇ ಕೈಕೊಟ್ಟು ಮನುಷ್ಯನಿಗೆ ಪೆಟ್ಟಾದ್ರೆ, ಆ ಕೆಟ್ಟೋದ ವಸ್ತು ಯಾರ ಹತ್ರ ಇರಬೇಕು ಅನ್ನೋ ಮಾತು ಮಾತ್ರ ನಾನು ಹೋದ ಯಾವ ಸಭೇಲೂ ಕೇಳಿಲ್ಲ. ಕೇಸು ನಿಲ್ಲೋದು ಬೀಳೋದು ಅದರ ಮೇಲೇನೇ.

ನಮ್ಮ ಸೋದರಮಾವ ಮದ್ದೂರು ಕಡೆ ಹಳ್ಳೀಲಿ ಕಬ್ಬು ಬೆಳೆಯೋರು. ಬೈಕಿಂದ ಬಿದ್ದು ತೊಡೆ ಮೂಳೆ ಮುರೀತು, ಮೈಸೂರಿನ ಒಂದು ಖಾಸಗಿ ಆಸ್ಪತ್ರೇಲಿ ಆಪರೇಷನ್ ಮಾಡಿ ರಾಡ್ ಹಾಕಿದ್ರು. ವರ್ಷ ತುಂಬೋಕೆ ಮುಂಚೇನೇ ಒಂದು ಬೆಳಿಗ್ಗೆ ಹಸುಗೆ ಹುಲ್ಲು ಹಾಕ್ತಿದ್ದಾಗ ಕಾಲೊಳಗೆ ಟಕ್ ಅಂತ ಸದ್ದಾಯ್ತು ಅಂದ್ರು, ಅಲ್ಲೇ ಕುಸಿದು ಕೂತ್ರು. ಎಕ್ಸ್‌ರೇ ತೆಗೆಸಿ ನೋಡಿದ್ರೆ ರಾಡು ಸ್ಕ್ರೂ ಹಾಕೋ ತೂತಿನ ಹತ್ರ ಎರಡು ತುಂಡು. ಮತ್ತೆ ಆಪರೇಷನ್, ಮತ್ತೆ ಸಾಲ, ಆ ವರ್ಷದ ಕಬ್ಬಿನ ದುಡ್ಡು ಕೈಗೆ ಬರೋಕೆ ಮುಂಚೇನೇ ಆಸ್ಪತ್ರೆಗೆ ಹೋಯ್ತು. ತೆಗೆದ ರಾಡು ಕೊಡಿ ಸ್ವಾಮಿ ಅಂತ ನಮ್ಮತ್ತೆ ಕೇಳಿದ್ದಕ್ಕೆ, "ಅದನ್ನ ತಗೊಂಡು ಏನ್ ಮಾಡ್ತೀರಮ್ಮ, ಅದು ವೇಸ್ಟ್‌ಗೆ ಹೋಗಾಯ್ತು" ಅಂದ್ರಂತೆ. ನಾನು ಡಿಸ್ಚಾರ್ಜ್ ಸಮ್ಮರಿ ತಿರುವಿ ಹಾಕಿ ನೋಡಿದೆ. ರಾಡಿನ ಉದ್ದ ದಪ್ಪ ಬರೆದಿದೆ, ಕಂಪನಿ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. ಬಿಲ್ಲಲ್ಲಿ "ಇಂಪ್ಲಾಂಟ್ ಚಾರ್ಜಸ್", ಅಂದ್ರೆ ಮೈಯೊಳಗೆ ಇಟ್ಟ ವಸ್ತುವಿನ ಬೆಲೆ, ಅಂತ ಒಂದೇ ಸಾಲು, ಅದರ ಮುಂದೆ ದೊಡ್ಡ ಮೊತ್ತ.

ನಾನು ಆ ಡಾಕ್ಟ್ರದ್ದೇ ತಪ್ಪು ಅಂತಾಗ್ಲಿ ಕಂಪನಿದೇ ತಪ್ಪು ಅಂತಾಗ್ಲಿ ಹೇಳ್ತಿಲ್ಲ. ಮೂಳೆ ಸರಿಯಾಗಿ ಕೂಡಿಕೊಳ್ದೇ ಇದ್ರೆ ಮೈಭಾರ ಎಲ್ಲ ದಿನಾ ರಾಡಿನ ಮೇಲೇ ಬೀಳುತ್ತೆ, ಅಂಥಾ ಹೊತ್ತಲ್ಲಿ ಎಷ್ಟು ಒಳ್ಳೆ ಸ್ಟೀಲಾದ್ರೂ ಕೊನೆಗೆ ದಣಿದು ಮುರಿಯುತ್ತೆ, ಇದು ಮೂಳೆ ಡಾಕ್ಟರೆಲ್ಲಾ ಹೇಳೋ ಮಾತು, ನಿಜಾನೂ ಹೌದು. ಹಂಗೇ ಲೋಹದಲ್ಲೇ ದೋಷ ಇದ್ರೆ, ತೂತು ಕೊರೆಯೋವಾಗ ಗೀರು ಬಿದ್ದಿದ್ರೆ ಆಗ್ಲೂ ಮುರಿಯುತ್ತೆ. ಎರಡರಲ್ಲಿ ಯಾವುದು ಅಂತ ಹೇಳೋಕಾಗೋದು ಆ ಮುರಿದ ಜಾಗಾನ ಲ್ಯಾಬಲ್ಲಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೋರಿಗೆ ಮಾತ್ರ. ರಾಡೇ ಇಲ್ಲ ಅಂದ್ಮೇಲೆ ಮಾವ ಹೇಳಿದ್ದು ಒಂದು ಕಡೆ, ಆಸ್ಪತ್ರೆ ಹೇಳಿದ್ದು ಒಂದು ಕಡೆ, ಅಷ್ಟೇ.

ಕಾನೂನು ಇಲ್ವಾ ಅಂದ್ರೆ ಇದೆ, ಒಳ್ಳೆ ಕಾನೂನೇ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಲ್ಲಿ ಜಾರಿಗೆ ಬಂತು, ಅದರಲ್ಲಿ 82ರಿಂದ 87ನೇ ಸೆಕ್ಷನ್ ತನಕ ಪೂರ್ತಿ ಒಂದು ಅಧ್ಯಾಯ ಇರೋದು ಇದಕ್ಕೇ, ದೋಷ ಇರೋ ವಸ್ತುವಿಂದ ಆದ ಹಾನಿಗೆ ಯಾರು ಹೊಣೆ ಅಂತ. ತಯಾರಿಕೇಲಿ ದೋಷ ಇದ್ರೂ ಕಂಪನಿ ಹೊಣೆ, ಡಿಸೈನೇ ಸರಿ ಇಲ್ದಿದ್ರೂ ಹೊಣೆ, ಹೆಂಗೆ ಬಳಸಬೇಕು ಏನು ಅಪಾಯ ಅಂತ ಸರಿಯಾಗಿ ತಿಳಿಸದೇ ಇದ್ರೂ ಹೊಣೆ. ಕಂಪನಿ ಯಾವುದು ಅಂತ ಗೊತ್ತೇ ಆಗದಿದ್ರೆ ಮಾರಿದೋನನ್ನ ಹಿಡೀಬಹುದು. ಕೇಸು ಹಾಕೋಕೆ ಕಂಪನಿ ಇರೋ ಊರಿಗೆ ಹೋಗಬೇಕಿಲ್ಲ, ನಾವು ವಾಸ ಇರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಹಾಕಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ರೆ ಒಂದು ರೂಪಾಯಿ ಫೀಸಿಲ್ಲ, ಲಾಯರ್ ಇಲ್ದೇನೂ ನಾವೇ ವಾದ ಮಾಡಬಹುದು. ಆದ್ರೆ ವಸ್ತುವಲ್ಲಿ ದೋಷ ಇತ್ತು ಅಂತ ತೋರಿಸಬೇಕಾದೋರು ನಾವು. ಆಯೋಗದೋರು ವಸ್ತುನ ಸೀಲ್ ಮಾಡಿ ಲ್ಯಾಬಿಗೆ ಕಳಿಸ್ತಾರೆ, ಲ್ಯಾಬು 45 ದಿನದೊಳಗೆ ರಿಪೋರ್ಟ್ ಕೊಡಬೇಕು, ಅದಕ್ಕೂ ಸೆಕ್ಷನ್ ಇದೆ. ಎಲ್ಲಾ ಇದೆ, ಕಳಿಸೋಕೆ ರಾಡು ಒಂದು ಬಿಟ್ಟು.

ಇದು ನಮ್ಮ ಮನೆಯೊಂದರ ಗೋಳು ಅಂತ ಯಾರೂ ತಿಳೀಬೇಡಿ. ಜಾನ್ಸನ್ ಅಂಡ್ ಜಾನ್ಸನ್ ಗುಂಪಿನ ಡಿಪ್ಯು ಕಂಪನಿ ಎಎಸ್‌ಆರ್ ಅಂತ ಸೊಂಟದ ಕೀಲು ಮಾಡ್ತಿತ್ತು, ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರ್ತಿತ್ತು, ನೋವು, ಊತ, ಮತ್ತೆ ಆಪರೇಷನ್. ಆಸ್ಟ್ರೇಲಿಯಾದಲ್ಲಿ 2009ರ ಡಿಸೆಂಬರಲ್ಲೇ ಮಾರುಕಟ್ಟೆಯಿಂದ ತೆಗೆದ್ರು, 2010ರ ಆಗಸ್ಟಲ್ಲಿ ಪ್ರಪಂಚದಾದ್ಯಂತ ವಾಪಸ್ ಕರೆಸಿಕೊಂಡ್ರು. ಅಮೆರಿಕದಲ್ಲಿ ಸಾವಿರಾರು ಜನ ಕೋರ್ಟಿಗೆ ಹೋದ್ರು, 2013ರಲ್ಲಿ ಸುಮಾರು 8,000 ಜನಕ್ಕೆ 250 ಕೋಟಿ ಡಾಲರಿಗೆ ರಾಜಿಯಾಯ್ತು. ನಮ್ಮ ದೇಶದಲ್ಲಿ ಇದನ್ನ ಹಾಕಿದ ಆಪರೇಷನ್ ಸುಮಾರು 4,700. ಪರಿಹಾರದ ಮಾತು ಬರೋಕೆ 2018 ಆಯ್ತು, ಕೇಂದ್ರದ ಸಮಿತಿ 30 ಲಕ್ಷದಿಂದ 1.23 ಕೋಟಿ ತನಕ ಅಂತ ಲೆಕ್ಕ ಕೊಡ್ತು. ಆದ್ರೆ ಅಷ್ಟೊತ್ತಿಗೆ ಅದರಲ್ಲಿ 3,600ರಷ್ಟು ಜನ ಎಲ್ಲಿದ್ದಾರೆ ಅಂತಾನೇ ಪತ್ತೆ ಇರಲಿಲ್ಲ. ಯೋಚನೆ ಮಾಡಿ, ಪರಿಹಾರಕ್ಕೆ ದಾರಿ ಆಗಿದೆ, ತಗೋಬೇಕಾದೋರಿಗೆ ತಮ್ಮ ಸೊಂಟದಲ್ಲಿರೋದು ಯಾವ ಕಂಪನಿದು ಅಂತಾನೇ ಗೊತ್ತಿಲ್ಲ. ಎಷ್ಟು ಜನ ಈಗ್ಲೂ ವಯಸ್ಸಾಯ್ತಲ್ಲ ಅದಕ್ಕೇ ನೋವು ಅಂತ ಎಣ್ಣೆ ತಿಕ್ಕಿಸ್ಕೊಂಡು ಕೂತಿದ್ದಾರೋ. ಇದನ್ನ ನೆನೆಸ್ಕೊಂಡ್ರೆ ನನಗೆ ಹೊಟ್ಟೆ ಉರಿಯುತ್ತೆ.

ಯಾವ ವಸ್ತು ಯಾರಿಗೆ ಹೋಯ್ತು ಅನ್ನೋ ಲೆಕ್ಕ ಇದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. 2021ರ ಫೆಬ್ರವರಿಯಿಂದ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಮಾರ್ಕ್ ಕಡ್ಡಾಯ. ಅದಿಲ್ಲದ ಕುಕ್ಕರ್ ಮಾರಿದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನಿಗೂ ಫ್ಲಿಪ್‌ಕಾರ್ಟಿಗೂ ತಲಾ ಒಂದು ಲಕ್ಷ ದಂಡ ಹಾಕಿ, ಅಮೆಜಾನಲ್ಲಿ ಹೋದ 2,265 ಕುಕ್ಕರು, ಫ್ಲಿಪ್‌ಕಾರ್ಟಲ್ಲಿ ಹೋದ 598 ಕುಕ್ಕರು, ತಗೊಂಡೋರಿಗೆಲ್ಲ ತಿಳಿಸಿ, ವಾಪಸ್ ತಗೊಂಡು ದುಡ್ಡು ಕೊಡಿ ಅಂತ ಆದೇಶ ಮಾಡ್ತು. ಸಾವಿರ ಎರಡು ಸಾವಿರದ ಕುಕ್ಕರ್ ಯಾರ ಮನೆಗೆ ಹೋಯ್ತು ಅಂತ ಲೆಕ್ಕ ಸಿಗುತ್ತೆ, ಮನುಷ್ಯನ ಮೈಯೊಳಗೆ ಹೋದ ಕಬ್ಬಿಣಕ್ಕೆ ಲೆಕ್ಕ ಸಿಗಲ್ಲ ಅಂದ್ರೆ ಹೆಂಗೆ ಸ್ವಾಮಿ?

ಇನ್ನೊಂದು ವಿಷಯ ಹೇಳ್ಲೇಬೇಕು. ಇಂಪ್ಲಾಂಟ್ ಡಬ್ಬದ ಜೊತೆ ಸಣ್ಣ ಸ್ಟಿಕರ್‌ಗಳು ಬರ್ತವೆ, ಅದರ ಮೇಲೆ ಕಂಪನಿ ಹೆಸರು, ಲಾಟ್ ನಂಬರು (ಬ್ಯಾಚ್ ನಂಬರು), ಸೈಜು ಎಲ್ಲಾ ಇರುತ್ತೆ. ಒಂದನ್ನ ಆಸ್ಪತ್ರೆಯೋರು ಇಟ್ಕೊಳ್ಳೋ ಕೇಸ್ ಶೀಟಿಗೆ ಅಂಟಿಸ್ತಾರೆ, ಇನ್ಶೂರೆನ್ಸ್ ಇದ್ರೆ ಕ್ಲೇಮಿಗೆ ಒಂದು ಹೋಗುತ್ತೆ. ರಾಡು ಯಾರ ಕಾಲಲ್ಲಿದ್ಯೋ ಅವರ ಕೈಗೆ ಬಂದಿದ್ದು ನಮ್ಮ ಕಡೆ ನಾನು ಕಂಡಿಲ್ಲ. 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ, ಅದೇ ವರ್ಷ ಆಗಸ್ಟಲ್ಲಿ ಮಂಡಿ ಕೀಲಿನ ಇಂಪ್ಲಾಂಟಿಗೆ ಕೇಂದ್ರ ಬೆಲೆ ನಿಗದಿ ಮಾಡಿದಾಗ, ಬಿಲ್ಲಲ್ಲಿ ಬ್ರ್ಯಾಂಡು, ತಯಾರಕರ ಹೆಸರು, ಬ್ಯಾಚ್ ನಂಬರ್ ಬೇರೆಯಾಗಿ ಬರೀಲೇಬೇಕು ಅಂತ ಆಸ್ಪತ್ರೆಗಳಿಗೆ ಹೇಳಿತ್ತು. ಆ ಎರಡಕ್ಕೆ ಬರೆಯೋಕಾದ್ರೆ ರಾಡು, ಪ್ಲೇಟು, ಸ್ಕ್ರೂಗೆ ಯಾಕಾಗಲ್ಲ? ನಮ್ಮ ಮಂಡ್ಯ ಜಿಲ್ಲೇಲಿ ಹೆದ್ದಾರಿ ಮೇಲೆ, ನಾಲೆ ಏರಿ ಮೇಲೆ ದಿನಾ ಬೈಕಿಂದ ಬೀಳೋರಿಗೆ ಹಾಕೋದು ಇವನ್ನೇ ಅಲ್ವಾ.

ಕಂಪನಿಗೂ ತಪ್ಪಿಸ್ಕೊಳ್ಳೋ ದಾರಿ ಇದೆ, ಅದೂ ಜನಕ್ಕೆ ಗೊತ್ತಿರ್ಲಿ. ತಜ್ಞರ ಕೈಲೇ ಬಳಸಬೇಕಾದ ವಸ್ತು ಆಗಿದ್ದು, ಅಪಾಯ ಏನು ಅಂತ ಕಂಪನಿ ಆ ತಜ್ಞರಿಗೆ ಸರಿಯಾಗಿ ತಿಳಿಸಿದ್ರೆ, ನನಗೆ ಎಚ್ಚರಿಕೆ ಕೊಡ್ಲಿಲ್ಲ ಅಂತ ರೋಗಿ ಕಂಪನಿ ಮೇಲೆ ಕೇಸು ಹಾಕೋಕಾಗಲ್ಲ, 87ನೇ ಸೆಕ್ಷನ್ ಹಂಗೆ ಹೇಳುತ್ತೆ. ಹಂಗಾಗಿ ಇಂಥ ಕೇಸಲ್ಲಿ ಉಳಿಯೋದು ಹೆಚ್ಚಾಗಿ ತಯಾರಿಕೆ ದೋಷ, ಡಿಸೈನ್ ದೋಷ, ಅದಕ್ಕೆ ಮತ್ತೆ ಬೇಕಾಗೋದು ಆ ವಸ್ತುನೇ.

ಮನೆ ಸಾಮಾನಿನ ಕಥೇನೂ ಇದೇ. ನಮ್ಮ ಪಕ್ಕದ ಮನೆ ಹೆಣ್ಣುಮಗಳಿಗೆ ಕುಕ್ಕರ್ ಮುಚ್ಚಳ ಹಾರಿ ಮುಂಗೈ ತನಕ ಸುಟ್ಟಿತ್ತು. ಅವರ ಯಜಮಾನ್ರು ಅಂಗಡಿಗೆ ಹೋಗಿ ಗಲಾಟೆ ಮಾಡಿದ್ರು, ಅಂಗಡಿಯೋನು ಪರಿಚಯದೋನು, ಹೊಸಾ ಕುಕ್ಕರ್ ಕೊಟ್ಟು ಹಳೇದು ಇಸ್ಕೊಂಡು ಕಂಪನಿಗೆ ಕಳಿಸಿಬಿಟ್ಟ. ಎಲ್ರೂ ಒಳ್ಳೆ ಮನುಷ್ಯ ಅಂದ್ರು. ಗಾಸ್ಕೆಟ್ ಕೆಟ್ಟಿತ್ತೋ, ಸೇಫ್ಟಿ ವಾಲ್ವು ಕೆಲಸ ಮಾಡ್ಲಿಲ್ವೋ, ಒತ್ತಡ ಇರೋವಾಗ ಮುಚ್ಚಳ ಬಿಚ್ಚಿಕೊಂಡಿದ್ದು ಹೆಂಗೆ, ಯಾವುದೂ ಇನ್ನು ತಿಳಿಯೋಕಾಗಲ್ಲ. ಕೈ ಮೇಲಿನ ಸುಟ್ಟ ಕಲೆಗೆ ಯಾರೂ ಬೆಲೆ ಕಟ್ಟಲಿಲ್ಲ. ಆಗ್ಲೇ ಹೇಳಿದ 2019ರ ಕಾಯ್ದೆಯ ಆ ಅಧ್ಯಾಯದ ಪ್ರಕಾರ ಹಾನಿ ಅಂದ್ರೆ ಮೈಗಾದ ಪೆಟ್ಟು, ಕಾಯಿಲೆ, ಅದರ ಜೊತೆ ಆಗೋ ಮಾನಸಿಕ ನೋವು, ಬೇರೆ ಆಸ್ತಿಗಾದ ನಷ್ಟ. ಕೆಟ್ಟೋದ ಕುಕ್ಕರಿನ ಬೆಲೆ ಈ ಲೆಕ್ಕಕ್ಕೆ ಬರೋದೇ ಇಲ್ಲ. ನಾವು ಮಾತ್ರ ಕುಕ್ಕರ್ ಬದಲಾಯಿಸಿಕೊಟ್ರೆ ಸಾಕು ಅಂತ ಸುಮ್ನಾಗ್ತೀವಿ.

ಅದಕ್ಕೆ ಓದೋರಲ್ಲಿ ಕೇಳ್ಕೊಳ್ಳೋದು, ಮೈಗೆ ಪೆಟ್ಟು ಮಾಡಿದ ವಸ್ತುನ ಅಂಗಡಿಗಾಗ್ಲಿ ಸರ್ವಿಸ್ ಸೆಂಟರಿಗಾಗ್ಲಿ ವಾಪಸ್ ಕೊಡಬೇಡಿ, ತೊಳೀಬೇಡಿ, ರಿಪೇರಿ ಮಾಡಿಸಬೇಡಿ, ಇದ್ದಂಗೇ ಒಂದು ಚೀಲದಲ್ಲಿ ಕಟ್ಟಿಡಿ, ಫೋಟೋ ತೆಗೆದಿಡಿ, ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕೇಳಿ. ಆಪರೇಷನ್ ಆದ್ರೆ ಡಿಸ್ಚಾರ್ಜ್ ದಿನಾನೇ ಸ್ಟಿಕರ್ ಕೇಳಿ. ಕೊಡ್ಲಿಲ್ವಾ, ಕೇಸ್ ಶೀಟಿನ ಜೆರಾಕ್ಸ್‌ಗೆ ಬರವಣಿಗೇಲಿ ಅರ್ಜಿ ಕೊಡಿ, 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ಮಂಡಳಿಯ 2002ರ ನಿಯಮ ಇದೆ. ತೆಗೆದ ಇಂಪ್ಲಾಂಟು ಬೇಕಿದ್ರೆ ಆಪರೇಷನ್ನಿಗೆ ಮುಂಚೇನೇ ಬರೆದುಕೊಡಿ, ಯಾಕಂದ್ರೆ ತೆಗೆದ ಲೋಹನ ನೀಲಿ ಬಣ್ಣದ ಡಬ್ಬಕ್ಕೆ ಹಾಕಬೇಕು ಅಂತ ಜೈವಿಕ ತ್ಯಾಜ್ಯದ ನಿಯಮದಲ್ಲಿದೆ, ಸಿಸ್ಟರುಗಳು ಅವರ ಡ್ಯೂಟಿ ಅವರು ಮಾಡ್ತಾರೆ, ಅವರನ್ನ ಬಯ್ದು ಪ್ರಯೋಜನ ಇಲ್ಲ. ಕೇಸು ಹಾಕೋಕೆ ಇರೋದು ಎರಡು ವರ್ಷ, ನಾಳೆ ನಾಡಿದ್ದು ಅಂತ ಮುಂದಕ್ಕೆ ತಳ್ಳಬೇಡಿ.

ಜನ ಕೇಳೋದೊಂದೇ ಸಾಲದು, ಹಳ್ಳಿಯಿಂದ ಬಂದು ನೋವಲ್ಲಿ ಮಲಗಿರೋರು ಡಾಕ್ಟ್ರ ಮುಂದೆ ಬಾಯಿ ಬಿಡೋದೇ ಕಷ್ಟ. ಖಾಸಗಿ ಆಸ್ಪತ್ರೆಗಳ ನೋಂದಣಿ ಮಾಡೋ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಮಂಡ್ಯ, ಮೈಸೂರು ಎರಡೂ ಜಿಲ್ಲೆಯ ಡೀಸಿ ಸಾಹೇಬ್ರಲ್ಲಿ ಮತ್ತು ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರಲ್ಲಿ ನಿಮ್ಮ ಪತ್ರಿಕೆ ಮೂಲಕ ನನ್ನ ಮನವಿ: ಮೈಯೊಳಗೆ ಏನೇ ಇಟ್ರೂ ಅದರ ಸ್ಟಿಕರ್ ಒಂದನ್ನ ಡಿಸ್ಚಾರ್ಜ್ ಸಮ್ಮರಿ ಮೇಲೆ ಅಂಟಿಸಿ ರೋಗಿ ಕೈಗೆ ಕೊಡಿ, ಮುರಿದು ತೆಗೆದ ಇಂಪ್ಲಾಂಟನ್ನ ರೋಗಿ ಸಹಿ ಇಲ್ದೆ ತ್ಯಾಜ್ಯಕ್ಕೆ ಹಾಕಬೇಡಿ ಅಂತ ಎಲ್ಲಾ ಆಸ್ಪತ್ರೆಗಳಿಗೂ ಒಂದು ಸುತ್ತೋಲೆ ಕಳಿಸಲಿ. ಸರ್ಕಾರಿ ಆಸ್ಪತ್ರೆಗಳಿಂದಲೇ ಶುರು ಮಾಡಲಿ. ಇದಕ್ಕೆ ಬಜೆಟ್ ಬೇಕಿಲ್ಲ, ಡಬ್ಬದಲ್ಲಿ ಸ್ಟಿಕರ್ ಆಗ್ಲೇ ಇದೆ.

ಇಂತಿ,
ನಿಮ್ಮ ಓದುಗ,
ಮಂಡ್ಯ