ದೇಣಿಗೆ ಪಟ್ಟಿಯ ಪಕ್ಕದಲ್ಲೊಂದು ಕ್ಯಾಲೆಂಡರ್ ಇಟ್ಟುಕೊಳ್ಳಿ

ಪ್ರಿಯ ಗೆಳತಿ,

ಕರಡು ಬಂತು, ಓದಿದೆ. ನಿಮ್ಮ ಕೌಂಟಿಯ, ಅಂದರೆ ಜಿಲ್ಲೆಯ, ಡಿಸ್ಟ್ರಿಕ್ಟ್ ಅಟಾರ್ನಿಗೆ (ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ಮುಖ್ಯ ಪ್ರಾಸಿಕ್ಯೂಟರ್, ಚಿಕ್ಕದಾಗಿ ಡಿಎ) ಯಾರ್ಯಾರು ಎಷ್ಟೆಷ್ಟು ಚುನಾವಣಾ ದೇಣಿಗೆ ಕೊಟ್ಟರು ಎಂದು ದೊಡ್ಡ ಮೊತ್ತದಿಂದ ಚಿಕ್ಕದಕ್ಕೆ ಇಳಿಸುತ್ತಾ ಬರೆದಿದ್ದೀರಿ. ಮೊದಲ ಪ್ಯಾರಾದಲ್ಲಿ ಮೊತ್ತ, ಎರಡನೆಯದರಲ್ಲಿ ವಕೀಲರ ಹೆಸರು, ಮೂರನೆಯದರಲ್ಲಿ ‘ಇದು ಹಲವು ಪ್ರಶ್ನೆಗಳನ್ನು ಹುಟ್ಟುಹಾಕಿದೆ’. ಯಾರಲ್ಲಿ ಹುಟ್ಟುಹಾಕಿದೆ? ನಿಮ್ಮಲ್ಲಿ ತಾನೆ? ಹಾಗಿದ್ದರೆ ಫೋನ್ ಎತ್ತಿ ಕೇಳಬೇಕಾದವರೂ ನೀವೇ. ಇಲ್ಲಿನ ಪತ್ರಿಕೆಯಲ್ಲಿ ಕೆಲಸ ಮಾಡುವಾಗ ಅಂಟಿಕೊಂಡ ‘ಚರ್ಚೆಗೆ ಗ್ರಾಸವಾಗಿದೆ’ ಚಟ ನ್ಯೂಯಾರ್ಕ್ ರಾಜ್ಯಕ್ಕೆ ಹೋದರೂ ನಿಮ್ಮನ್ನು ಬಿಟ್ಟಿಲ್ಲ.

ಸಿಟ್ಟಾಗಬೇಡಿ. ವಿಷಯ ಒಳ್ಳೆಯದು. ನಮ್ಮಲ್ಲಿ ಸರ್ಕಾರಿ ಪ್ರಾಸಿಕ್ಯೂಟರನ್ನು ಸರ್ಕಾರ ನೇಮಿಸುತ್ತದೆ. ಅವರು ಮತ ಕೇಳಲು ಮನೆ ಬಾಗಿಲಿಗೆ ಬರುವುದನ್ನು ಇಲ್ಲಿನ ಓದುಗರು ಊಹಿಸಲೂ ಆರರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಅವರು ಚುನಾವಣೆಗೆ ನಿಲ್ಲುತ್ತಾರೆ, ನಿಲ್ಲಲು ದುಡ್ಡು ಬೇಕು. ಯಾರ ಮೇಲೆ ಕೇಸು ಹಾಕಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವ ಮನುಷ್ಯನ ಸ್ಪರ್ಧೆಯಲ್ಲಿ ಹೆಚ್ಚು ಆಸಕ್ತಿ ಯಾರಿಗಿರುತ್ತದೆ? ಎದುರು ಕುರ್ಚಿಯಲ್ಲಿ ಕೂರುವ ಡಿಫೆನ್ಸ್ ವಕೀಲರಿಗೆ. ಹಾಗಾಗಿ ಪಟ್ಟಿಯಲ್ಲಿ ವಕೀಲರ ಹೆಸರು ಸಿಕ್ಕಿದ್ದು ಸುದ್ದಿಯೇ ಅಲ್ಲ. ಸಿಗದಿದ್ದರೆ ಆಶ್ಚರ್ಯಪಡಬೇಕಿತ್ತು.

ಸುದ್ದಿ ಇರುವುದು ತಾರೀಖಿನಲ್ಲಿ. ನಾನು ಹೇಳಬೇಕಾದದ್ದು ಇದೊಂದೇ, ಮಿಕ್ಕಿದ್ದೆಲ್ಲ ಇದರ ವಿವರ.

ಮ್ಯಾನ್‌ಹಟನ್‌ನ ಡಿಎ ಆಗಿದ್ದ ಸೈರಸ್ ವ್ಯಾನ್ಸ್ ಜೂನಿಯರ್ ಪ್ರಕರಣ ನಿಮಗೆ ಗೊತ್ತೇ ಇದೆ. ಅದನ್ನು ವರದಿ ಕಟ್ಟಿದ ಬಗೆಗಾಗಿ ಇನ್ನೊಮ್ಮೆ ಓದಿ. 46 ಅಂತಸ್ತಿನ ಟ್ರಂಪ್ ಸೋಹೊ ಕಟ್ಟಡದಲ್ಲಿ ಎಷ್ಟು ಫ್ಲಾಟು ಮಾರಾಟವಾಗಿವೆ ಎಂಬುದನ್ನು ಹಿಗ್ಗಿಸಿ ಹೇಳಿ ಕೊಳ್ಳುವವರನ್ನು ದಾರಿ ತಪ್ಪಿಸಿದರೇ ಎಂದು ಇವಾಂಕಾ ಟ್ರಂಪ್ ಮತ್ತು ಡೊನಾಲ್ಡ್ ಟ್ರಂಪ್ ಜೂನಿಯರ್ ವಿಷಯದಲ್ಲಿ ಡಿಎ ಕಚೇರಿ 2010ರಿಂದ ತನಿಖೆ ಮಾಡುತ್ತಿತ್ತು. ಫ್ಲಾಟು ಕೊಂಡವರು ಹೂಡಿದ್ದ ಸಿವಿಲ್ ದಾವೆ ನವೆಂಬರ್ 2011ರಲ್ಲಿ ರಾಜಿಯಾಯಿತು. ಠೇವಣಿಯ ಶೇ. 90ರಷ್ಟು ವಾಪಸು ಸಿಕ್ಕಿತು. ಮೇ 2012ರಲ್ಲಿ ಟ್ರಂಪ್ ಕಡೆಯ ವಕೀಲ ಮಾರ್ಕ್ ಕಸೊವಿಟ್ಜ್ ವ್ಯಾನ್ಸ್ ಅವರನ್ನೇ ನೇರವಾಗಿ ಕಂಡರು. ಆ ಭೇಟಿಗೆ ಮುಂಚೆ ವ್ಯಾನ್ಸ್ ಪ್ರಚಾರ ಸಮಿತಿ ಒಂದು ಕೆಲಸ ಮಾಡಿತು: ಕಸೊವಿಟ್ಜ್ ಹಿಂದೆ ಕೊಟ್ಟಿದ್ದ 25,000 ಡಾಲರನ್ನು ಹಿಂದಿರುಗಿಸಿತು. ಆಗಸ್ಟ್ 2012ರಲ್ಲಿ, ತಮ್ಮದೇ ಕಚೇರಿಯ ಕೆಲವು ಪ್ರಾಸಿಕ್ಯೂಟರುಗಳ ಇಚ್ಛೆಗೆ ವಿರುದ್ಧವಾಗಿ, ವ್ಯಾನ್ಸ್ ಪ್ರಕರಣ ಕೈಬಿಟ್ಟರು. ಅದಾಗಿ ಆರು ತಿಂಗಳು ತುಂಬುವುದರೊಳಗೆ, ಜನವರಿ 2013ರಲ್ಲಿ, ಅದೇ ಕಸೊವಿಟ್ಜ್ ನಿಧಿ ಸಂಗ್ರಹ ಕಾರ್ಯಕ್ರಮ ಏರ್ಪಡಿಸಿದರು. ಸ್ವಂತದ್ದೇ ಹತ್ತಿರ ಹತ್ತಿರ 32,000 ಡಾಲರ್ ಕೊಟ್ಟರು. ಬೇರೆಯವರಿಂದ ಎತ್ತಿಸಿದ್ದೂ ಸೇರಿ 50,000 ದಾಟಿತು.

ಈ ಸಾಲಿನಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಅಂಶ ಯಾವುದು ಹೇಳಿ. ಐವತ್ತು ಸಾವಿರ ಅಲ್ಲ. ಮೇ ತಿಂಗಳಲ್ಲಿ ಹಿಂದಿರುಗಿಸಿದ ಆ ಇಪ್ಪತ್ತೈದು. ಕಚೇರಿಯ ಮುಂದೆ ಕೇಸು ಇರುವವರ ದುಡ್ಡನ್ನು ಇಟ್ಟುಕೊಳ್ಳಬಾರದು ಎಂಬುದು ಪ್ರಚಾರ ಸಮಿತಿಯದೇ ರೂಢಿ ಎಂದು ಅದು ತೋರಿಸಿಕೊಟ್ಟಿತು. ಹಾಗಾಗಿ ವರದಿಗಾರರು ತಮ್ಮ ನೈತಿಕತೆಯನ್ನು ತಂದು ಯಾರ ಮೇಲೂ ಹೇರಬೇಕಾಗಲಿಲ್ಲ. ಮೇ ತಿಂಗಳಲ್ಲಿ ಇಟ್ಟುಕೊಳ್ಳಬಾರದು ಅನ್ನಿಸಿದ ಹಣವನ್ನು ಜನವರಿಯಲ್ಲಿ ತೆಗೆದುಕೊಳ್ಳಬಹುದು ಅನ್ನಿಸಿದ್ದು ಹೇಗೆ ಎಂದು ಕೇಳಿದರೆ ಸಾಕಿತ್ತು. ಅದು ಆರೋಪವಲ್ಲ, ಕಡತದಿಂದ ಎದ್ದ ಪ್ರಶ್ನೆ, ಉತ್ತರ ಕೊಡಲೇಬೇಕಾದ ಪ್ರಶ್ನೆ. ವ್ಯಾನ್ಸ್ ಉತ್ತರ ಕೊಟ್ಟರು ಕೂಡ: ಅಪರಾಧ ನಡೆದಿದೆ ಎಂದು ಸಂಶಯಾತೀತವಾಗಿ ತಮಗೆ ಅನ್ನಿಸಿರಲಿಲ್ಲ, ತಮ್ಮ ತೀರ್ಮಾನ ಸರಿಯಾಗಿಯೇ ಇತ್ತು ಎಂದರು. ಎರಡನೆಯ ದೇಣಿಗೆಯನ್ನೂ ಹಿಂದಿರುಗಿಸುತ್ತೇನೆ ಎಂದರು. ಕೇಸಿಗೂ ದೇಣಿಗೆಗೂ ಸಂಬಂಧವಿಲ್ಲ ಎಂದು ಕಸೊವಿಟ್ಜ್ ಹೇಳಿದರು. ಎಲ್ಲವೂ ವರದಿಯೊಳಗೇ ಇದೆ. ದುಡ್ಡಿಗಾಗಿ ಕೇಸು ಬಿಟ್ಟರು ಎಂಬ ವಾಕ್ಯ ಮಾತ್ರ ಎಲ್ಲೂ ಇಲ್ಲ, ಏಕೆಂದರೆ ಅದನ್ನು ಯಾರೂ ಸಾಬೀತು ಮಾಡಿಲ್ಲ.

ನಿಮ್ಮ ಕರಡಿನಲ್ಲಿ ಅಂಥ ವಾಕ್ಯ ಅಡಗಿ ಕುಳಿತಿದೆ. ನಾಲ್ಕನೆಯ ಪ್ಯಾರಾದಲ್ಲಿ ದೇಣಿಗೆ, ಅದರ ಬೆನ್ನಿಗೇ ಐದನೆಯದರಲ್ಲಿ ಕುಡಿದು ಕಾರು ಓಡಿಸಿದ ಕೇಸಿನ ಆರೋಪ ಇಳಿಸಿದ ಸಂಗತಿ. ಯಾವುದು ಮೊದಲು ನಡೆಯಿತು, ನಡುವೆ ಎಷ್ಟು ತಿಂಗಳು ಕಳೆದವು, ಅಂಥದೇ ಕೇಸುಗಳಲ್ಲಿ ದೇಣಿಗೆ ಕೊಡದ ವಕೀಲರ ಕಕ್ಷಿದಾರರಿಗೆ ಏನು ಸಿಕ್ಕಿತು, ಒಂದೂ ಇಲ್ಲ. ಪಕ್ಕಪಕ್ಕ ಇಟ್ಟು ಸುಮ್ಮನಾಗಿದ್ದೀರಿ. ಓದುಗ ತಾನೇ ಗಂಟು ಹಾಕಿಕೊಳ್ಳಲಿ ಎಂಬ ಈ ಜಾಣತನ ನನಗೆ ಒಗ್ಗುವುದಿಲ್ಲ. ಹೇಳಲು ಪುರಾವೆ ಇದ್ದರೆ ಹೇಳಿ, ಇಲ್ಲದಿದ್ದರೆ ಎರಡು ಪ್ಯಾರಾಗಳನ್ನು ದೂರ ಇಡಿ.

ಮ್ಯಾನ್‌ಹಟನ್ ಕತೆಯಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಬೇರೆಯೇ. ಆ ದೇಣಿಗೆಯನ್ನು ಯಾರೂ ಬಚ್ಚಿಟ್ಟಿರಲಿಲ್ಲ. ರಾಜ್ಯ ಚುನಾವಣಾ ಮಂಡಳಿಗೆ ಸಲ್ಲಿಸಿದ ಲೆಕ್ಕದಲ್ಲಿ ಹೆಸರು, ಮೊತ್ತ, ತಾರೀಖು ಎಲ್ಲ ಇದ್ದವು. 2013ರಲ್ಲಿ ಕೊಟ್ಟ ದುಡ್ಡು ಸುದ್ದಿಯಾದದ್ದು ಅಕ್ಟೋಬರ್ 2017ರಲ್ಲಿ. ನಗರದ ಸಾರ್ವಜನಿಕ ರೇಡಿಯೋ ಡಬ್ಲ್ಯುಎನ್‌ವೈಸಿಯ ಆಂಡ್ರಿಯಾ ಬರ್ನ್‌ಸ್ಟೀನ್, ಇಲ್ಯಾ ಮಾರಿಟ್ಜ್ ಮತ್ತು ತನಿಖಾ ಸುದ್ದಿಸಂಸ್ಥೆ ಪ್ರೊಪಬ್ಲಿಕಾದ ಜೆಸ್ಸಿ ಐಸಿಂಗರ್, ಜಸ್ಟಿನ್ ಎಲಿಯಟ್ ಸೇರಿ, ನ್ಯೂಯಾರ್ಕರ್ ಪತ್ರಿಕೆಯ ಜೊತೆಗೂಡಿ ಹೊರತಂದರು. ಅಲ್ಲಿಯವರೆಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆ ಹಾಳೆ ಎಲ್ಲರ ಕಣ್ಣೆದುರೇ ಬಿದ್ದಿತ್ತು. ಪತ್ರಿಕೆಗಳಿಗೆ ಬರಗಾಲವಿಲ್ಲದ ನ್ಯೂಯಾರ್ಕಿನ ಕತೆಯೇ ಹೀಗಾದರೆ, ಒಂದೇ ವಾರಪತ್ರಿಕೆ ಉಳಿದಿರುವ ನಿಮ್ಮ ಕೌಂಟಿಯಲ್ಲಿ ಅದನ್ನು ಓದುವವರು ಯಾರು? ನಿಮ್ಮ ರಾಜ್ಯದಲ್ಲಿ ಚುನಾವಣೆ ಇರಲಿ ಬಿಡಲಿ ಜನವರಿ 15ಕ್ಕೆ, ಜುಲೈ 15ಕ್ಕೆ ಲೆಕ್ಕ ಸಲ್ಲಿಕೆಯಾಗುತ್ತದೆ. ಚುನಾವಣೆ ಇಲ್ಲದ ವರ್ಷದ ಜುಲೈ ಲೆಕ್ಕವೇ ನನಗೆ ಹೆಚ್ಚು ಇಷ್ಟ. ಎದುರಾಳಿ ಇಲ್ಲ, ಪ್ರಚಾರ ಇಲ್ಲ, ಮತ ಕೇಳುವ ಹಂಗಿಲ್ಲ, ಆದರೂ ಯಾರೋ ದುಡ್ಡು ಕೊಟ್ಟಿದ್ದಾರೆ. ಏಕೆ ಎಂದು ಅವರನ್ನೇ ಕೇಳಿ. ಹೆಚ್ಚಿನವರು ನೀವು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಉತ್ತರ ಕೊಡುತ್ತಾರೆ.

ವ್ಯಾನ್ಸ್ ಬಗ್ಗೆ ಅದೇ ಅಕ್ಟೋಬರಿನಲ್ಲಿ ಎದ್ದ ಎರಡನೆಯ ಕತೆಯನ್ನೂ ಇದರ ಜೊತೆಗಿಟ್ಟು ನೋಡಿ. 2015ರಲ್ಲಿ ಮಾಡೆಲ್ ಒಬ್ಬರು ಸಿನಿಮಾ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್ ವಿರುದ್ಧ ದೂರು ಕೊಟ್ಟು, ಪೊಲೀಸರು ಗುಪ್ತವಾಗಿ ಧ್ವನಿಮುದ್ರಣವನ್ನೂ ಮಾಡಿಕೊಂಡಿದ್ದರು. ಆದರೂ ವ್ಯಾನ್ಸ್ ಕಚೇರಿ ಕೇಸು ಹಾಕಲಿಲ್ಲ. ಆಮೇಲೆ ವಕೀಲ ಡೇವಿಡ್ ಬೋಯ್ಸ್ 10,000 ಡಾಲರ್ ಕೊಟ್ಟರು ಎಂಬುದು ಅಕ್ಟೋಬರ್ 2017ರಲ್ಲಿ ದೊಡ್ಡ ಸುದ್ದಿಯಾಯಿತು. ಬೋಯ್ಸ್ ವೈನ್‌ಸ್ಟೀನ್ ಪರ ಬೇರೆ ವ್ಯವಹಾರಗಳಲ್ಲಿ ವಕೀಲರಾಗಿದ್ದರು ನಿಜ. ಆದರೆ ಆ ಕ್ರಿಮಿನಲ್ ದೂರಿನಲ್ಲಿ ತಾವು ವಕೀಲರಾಗಿರಲಿಲ್ಲ, ವ್ಯಾನ್ಸ್ ಜೊತೆ ಅದರ ಬಗ್ಗೆ ಮಾತಾಡಿಯೂ ಇಲ್ಲ ಎಂದರು. ವ್ಯಾನ್ಸ್‌ಗೆ ಅವರು ಹಲವು ವರ್ಷಗಳಿಂದ ದೇಣಿಗೆ ಕೊಡುತ್ತಲೇ ಬಂದಿದ್ದವರು. ತಲೆಬರಹದಲ್ಲಿ ಎರಡೂ ಕತೆ ಒಂದೇ ಥರ ಕಂಡವು. ಪುರಾವೆಯ ಗಟ್ಟಿತನದಲ್ಲಿ ಒಂದೇ ಅಲ್ಲ. ಹಿಂದಿರುಗಿಸಿದ್ದು, ಕೈಬಿಟ್ಟದ್ದು, ಮತ್ತೆ ಪಡೆದದ್ದು ಎಂಬ ಕೊಂಡಿ ಮೊದಲನೆಯದರಲ್ಲಿ ಇದೆ, ಎರಡನೆಯದರಲ್ಲಿ ಇಲ್ಲ. ದಾನಿ ಒಬ್ಬರು ಹಳಬರಾದರೆ ಹಿಂದಿನ ವರ್ಷಗಳ ಲೆಕ್ಕವನ್ನೂ ತೆಗೆಯಿರಿ. ಪ್ರತಿ ವರ್ಷ ಕೊಡುತ್ತಿದ್ದವರು ಈ ವರ್ಷವೂ ಕೊಟ್ಟಿದ್ದರೆ ಅದನ್ನು ಬರೆಯಲೇಬೇಕು, ಅದು ನಿಮ್ಮ ತಲೆಬರಹವನ್ನು ಕೆಡಿಸಿದರೂ.

ನ್ಯೂಯಾರ್ಕ್ ನಗರದ ಇನ್ನೊಂದು ವಿಚಿತ್ರ: 2017ರಲ್ಲಿ ಮೇಯರ್ ಅಭ್ಯರ್ಥಿಗೆ ಒಬ್ಬ ವ್ಯಕ್ತಿ ಗರಿಷ್ಠ 4,950 ಡಾಲರ್ ಕೊಡಬಹುದಿತ್ತು. ಡಿಎ ಹುದ್ದೆ ಮಾತ್ರ ನಗರದ ನಿಯಮಕ್ಕೆ ಒಳಪಡದೆ ರಾಜ್ಯದ ಕಾನೂನಿಗೆ ಸೇರುತ್ತದೆ, ಅಲ್ಲಿನ ಮಿತಿ ಎಷ್ಟೋ ಪಟ್ಟು ದೊಡ್ಡದು. ರಸ್ತೆ ಗುಂಡಿ ಮುಚ್ಚಿಸುವವರಿಗೆ ಐದು ಸಾವಿರದೊಳಗೆ, ಜೈಲಿಗೆ ಕಳಿಸುವವರಿಗೆ ಮೂವತ್ತು ಸಾವಿರದ ಮೇಲೆ. ಇಂಥ ಒಂದು ಸಾಲು ಓದುಗರಿಗೆ ಇಡೀ ಕಾಯ್ದೆಯನ್ನು ಅರ್ಥ ಮಾಡಿಸುತ್ತದೆ. ನಿಮ್ಮ ವರದಿಯಲ್ಲಿ ಮಿತಿಯ ಪ್ರಸ್ತಾಪವೇ ಇಲ್ಲ.

ಯಾವಾಗ ಪ್ರಕಟಿಸಬೇಕು ಎಂಬ ಬಗ್ಗೆ ಕೇಳಿದ್ದೀರಿ. ಬೇಗ. ವ್ಯಾನ್ಸ್ ವರದಿ ಬಂದಾಗ ಸೆಪ್ಟೆಂಬರಿನ ಪ್ರೈಮರಿ (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆ) ಮುಗಿದುಹೋಗಿತ್ತು, ಮತಪತ್ರದಲ್ಲಿ ಅವರೊಬ್ಬರದೇ ಹೆಸರು. ಬ್ರೂಕ್ಲಿನ್‌ನ ಮಾಜಿ ಪ್ರಾಸಿಕ್ಯೂಟರ್ ಮಾರ್ಕ್ ಫ್ಲೀಡ್ನರ್ ಎದುರು ನಿಂತರೂ ಮತದಾರ ಅವರ ಹೆಸರನ್ನು ಕೈಯಾರೆ ಬರೆಯಬೇಕಿತ್ತು. ಮೇಲಾಗಿ ಮತದಾನ ನವೆಂಬರ್ 7ಕ್ಕೆ ಅನ್ನುವಾಗ ನವೆಂಬರ್ 2ರಂದು, ಬೀದಿಬೀದಿಯ ಸುದ್ದಿ ಕೊಡುತ್ತಿದ್ದ ಜಾಲತಾಣಗಳಾದ ಡಿಎನ್‌ಎಇನ್ಫೋ ಮತ್ತು ಗೊಥಮಿಸ್ಟ್ ಎರಡನ್ನೂ ಮಾಲೀಕರು ಒಂದೇ ಸಂಜೆ ಮುಚ್ಚಿಬಿಟ್ಟರು. ಸಿಬ್ಬಂದಿ ಯೂನಿಯನ್ ಕಟ್ಟಲು ಮತ ಹಾಕಿ ಒಂದು ವಾರವಷ್ಟೇ ಆಗಿತ್ತು. ವ್ಯಾನ್ಸ್ ಸುಲಭವಾಗಿ ಗೆದ್ದರು. ದೇಶದ ಬಹುಪಾಲು ಪ್ರಾಸಿಕ್ಯೂಟರ್ ಚುನಾವಣೆಗಳಲ್ಲಿ ಎದುರಾಳಿಯೇ ಇರುವುದಿಲ್ಲ. ಎದುರಾಳಿ ಇಲ್ಲದ ಕಡೆ ಲೆಕ್ಕ ಕೇಳುವ ಕೆಲಸ ಪತ್ರಿಕೆಯ ಪಾಲಿಗೆ ಬರುತ್ತದೆ, ಅದೂ ನಾಮಪತ್ರದ ಗಡುವಿಗೆ ಮೊದಲೇ. ಆ ತಾರೀಖನ್ನೂ ನಿಮ್ಮ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಫ್ಲೋರಿಡಾದ ಪ್ಯಾಮ್ ಬಾಂಡಿ ಪ್ರಕರಣ ಅವರು ಆಗ ಹೊಂದಿದ್ದ ರಾಜ್ಯದ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಹುದ್ದೆಯದು, ನಿಮ್ಮ ಕೌಂಟಿಗಿಂತ ದೊಡ್ಡದು. ಆದರೂ ಅದರಿಂದ ಒಂದು ಸಂಗತಿ ಕಲಿಯಬಹುದು. ಸೆಪ್ಟೆಂಬರ್ 13, 2013ರಂದು ಒರ್ಲ್ಯಾಂಡೊ ಸೆಂಟಿನೆಲ್ ಪತ್ರಿಕೆ, ಟ್ರಂಪ್ ಯೂನಿವರ್ಸಿಟಿ ಮೇಲೆ ನ್ಯೂಯಾರ್ಕ್ ಹೂಡಿದ ದಾವೆಯನ್ನು ಬಾಂಡಿ ಕಚೇರಿ ಪರಿಶೀಲಿಸುತ್ತಿದೆ ಎಂದು ಬರೆಯಿತು. 17ರಂದು ಬಾಂಡಿ ಪರ ಸಮಿತಿಗೆ ಟ್ರಂಪ್ ಪ್ರತಿಷ್ಠಾನದಿಂದ 25,000 ಡಾಲರ್ ಬಂತು. ನಾಲ್ಕು ದಿನದ ಅಂತರ ನೋಡಿದರೆ ಕತೆ ಮುಗಿದಂತೆಯೇ ಕಾಣುತ್ತದೆ, ಅಲ್ಲವೇ? ಆದರೆ ಬಾಂಡಿ ದೇಣಿಗೆ ಕೇಳಿದ್ದು ಆ ಸುದ್ದಿ ಬರುವುದಕ್ಕೆ ವಾರಗಳ ಮೊದಲು ಎಂದು ಆಮೇಲೆ ತಿಳಿಯಿತು. ಚೆಕ್ಕಿನ ತಾರೀಖು ಒಂದು, ಕೇಳಿದ ತಾರೀಖು ಇನ್ನೊಂದು. ಕಡತ ಮೊದಲನೆಯದನ್ನು ಮಾತ್ರ ಹೇಳುತ್ತದೆ. ಲಂಚದ ದೂರಿಗೆ ಸಾಕಷ್ಟು ಸಾಕ್ಷ್ಯವಿಲ್ಲ ಎಂದು 2017ರಲ್ಲಿ ಅಲ್ಲಿನ ಪ್ರಾಸಿಕ್ಯೂಟರ್ ಕೈಬಿಟ್ಟರು. ಹಾಗೆಂದು ಅಗೆದದ್ದು ವ್ಯರ್ಥವಾಗಲಿಲ್ಲ. ದತ್ತಿ ಸಂಸ್ಥೆ ರಾಜಕೀಯಕ್ಕೆ ದುಡ್ಡು ಕೊಡುವಂತೆಯೇ ಇಲ್ಲ. ಮೇಲಾಗಿ ಆ ದೇಣಿಗೆಯ ಬದಲು ಹೆಚ್ಚುಕಡಿಮೆ ಅದೇ ಹೆಸರಿನ ಕಾನ್ಸಾಸ್‌ನ ಬೇರೊಂದು ಸಂಸ್ಥೆಯ ಹೆಸರು ತೆರಿಗೆ ಲೆಕ್ಕದಲ್ಲಿ ಕುಳಿತಿತ್ತು. ಕೊನೆಗೆ ಟ್ರಂಪ್ 2,500 ಡಾಲರ್ ದಂಡ ಕಟ್ಟಿದರು. ಹುಡುಕಲು ಹೊರಟದ್ದು ಒಂದು, ಸಿಕ್ಕಿದ್ದು ಮತ್ತೊಂದು. ಸಿಕ್ಕಿದ್ದನ್ನು ಬರೆಯುವುದೇ ನಮ್ಮ ಕೆಲಸ.

ಕನ್ನಡದಲ್ಲೂ ಇದನ್ನು ಬರೆಯುವ ಆಸೆ ಇದೆ ಎಂದಿದ್ದೀರಿ, ಖಂಡಿತ ಬರೆಯಿರಿ. ಫೆಬ್ರವರಿ 2024ರಲ್ಲಿ ಸುಪ್ರೀಂ ಕೋರ್ಟ್ ಚುನಾವಣಾ ಬಾಂಡ್ ಯೋಜನೆಯನ್ನು ರದ್ದು ಮಾಡಿ ಪಟ್ಟಿ ಹೊರಬಂದಾಗ, ಕಂಪನಿಗಳ ಮೇಲೆ ತನಿಖಾ ಸಂಸ್ಥೆಗಳು ನಡೆಸಿದ ದಾಳಿಯ ತಾರೀಖು ಮತ್ತು ಬಾಂಡ್ ಕೊಂಡ ತಾರೀಖುಗಳನ್ನು ಎದುರುಬದುರು ಇಟ್ಟು ಓದುವ ಅಭ್ಯಾಸ ನಮ್ಮ ಓದುಗರಿಗೂ ಆಗಿದೆ. ವ್ಯತ್ಯಾಸ ಇಷ್ಟೆ: ನಮ್ಮಲ್ಲಿ ಹೆಸರು ಹೊರಬರಲು ಕೋರ್ಟಿನ ಆದೇಶ ಬೇಕಾಯಿತು. ನಿಮಗೆ ಅದು ಮನೆಯಲ್ಲಿ ಕೂತೇ ಸಿಗುತ್ತದೆ.

ಕೆಲವು ಚಿಲ್ಲರೆ ಮಾತು. ಅಭ್ಯರ್ಥಿಯ ಖಾತೆಯೇ ಇಡೀ ಚಿತ್ರವಲ್ಲ. 2017ರಲ್ಲಿ ಫಿಲಡೆಲ್ಫಿಯಾದ ಡಿಎ ಅಭ್ಯರ್ಥಿ ಲ್ಯಾರಿ ಕ್ರಾಸ್ನರ್ ಪರವಾಗಿ ಕೋಟ್ಯಧಿಪತಿ ಜಾರ್ಜ್ ಸೊರೊಸ್ ದುಡ್ಡಿನ ಸಮಿತಿ 14 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಅದು ಕ್ರಾಸ್ನರ್ ಖಾತೆಯೊಳಗೆ ಬಂದ ಹಣವಲ್ಲ. ಸ್ವತಂತ್ರ ಸಮಿತಿಗಳ ಲೆಕ್ಕವನ್ನೂ ನೋಡಿ. ಪೊಲೀಸ್ ಯೂನಿಯನ್ನುಗಳನ್ನು ಮರೆಯಬೇಡಿ. ಪೊಲೀಸರ ಮೇಲಿನ ದೂರು ಕೂಡ ಇದೇ ಡಿಎ ಮೇಜಿಗೆ ಬರುತ್ತದೆ, ಆದರೆ ವಕೀಲರ ದೇಣಿಗೆ ಕಂಡು ಕೆರಳುವ ವರದಿಗಾರರು ಇದನ್ನು ದಾಟಿಕೊಂಡು ಹೋಗುತ್ತಾರೆ. ಕೋರ್ಟಿನ ಕಾರಿಡಾರಿನಲ್ಲಿ ಹೆಸರು ಹೇಳದೆ ಪಿಸುಗುಟ್ಟುವ ವಕೀಲರ ಮಾತನ್ನು ದಾರಿ ತಿಳಿಯಲು ಬಳಸಿ, ಅಚ್ಚಿಗೆ ಹಾಕಬೇಡಿ. ಅವರಲ್ಲಿ ಅರ್ಧ ಜನರಿಗೆ ಆ ಕುರ್ಚಿಯ ಮೇಲೇ ಕಣ್ಣು.

ಇನ್ನೊಂದು. ದೇಣಿಗೆಯ ವರದಿ ಒಬ್ಬ ಮನುಷ್ಯನ ಜಾತಕವಲ್ಲ. ಇದೇ ವ್ಯಾನ್ಸ್, ವರದಿ ಬಂದ ನಂತರ, ಕೊಲಂಬಿಯಾ ಕಾನೂನು ಶಾಲೆಯ ಕೇಂದ್ರವೊಂದಕ್ಕೆ ತಮ್ಮ ನಿಧಿ ಸಂಗ್ರಹದ ಪದ್ಧತಿಯನ್ನು ಪರಿಶೀಲಿಸಲು ಕೊಟ್ಟರು. ಯಾರು ಎಷ್ಟು ಕೊಟ್ಟರು ಎಂಬುದು ಡಿಎಗೆ ತಿಳಿಯಲೇಬಾರದು ಎಂದು ಆ ಕೇಂದ್ರ ಜನವರಿ 2018ರಲ್ಲಿ ಸಲಹೆ ಮಾಡಿತು. 2018ರಲ್ಲಿ ಅವರ ಕಚೇರಿಯೇ ವೈನ್‌ಸ್ಟೀನ್ ಮೇಲೆ ಕೇಸು ಹಾಕಿತು. ಟ್ರಂಪ್ ತೆರಿಗೆ ಕಾಗದಗಳಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದವರೂ, ಜುಲೈ 2021ರಲ್ಲಿ ಟ್ರಂಪ್ ಆರ್ಗನೈಸೇಶನ್ ಮೇಲೆ ಆರೋಪ ಹೊರಿಸಿದವರೂ ಅವರೇ. ವರದಿ ಒತ್ತಡ ತಂದದ್ದರಿಂದ ಹೀಗಾಯಿತೇ, ಇಲ್ಲವೇ? ಬರೆಯುವ ಆಸೆ ಯಾರಿಗಾದರೂ ಆಗುತ್ತದೆ. ಅದಕ್ಕೂ ಪುರಾವೆ ಬೇಕು.

ಈಗ ಕರಡಿನ ಕೆಲಸ. ವಕೀಲರ ಹೆಸರುಗಳನ್ನು ರಾಜ್ಯದ ವಕೀಲರ ನೋಂದಣಿಯಲ್ಲಿ ತಾಳೆ ನೋಡಿ. ನಿಮ್ಮ ಪಟ್ಟಿಯ ಎರಡು ಹೆಸರು ತೀರಾ ಸಾಮಾನ್ಯವಾದವು, ಬೇರೆ ಯಾರದೋ ಇರಬಹುದು. ಹಿಂದಿರುಗಿಸಿದ ದೇಣಿಗೆಗಳನ್ನು ಪ್ರತ್ಯೇಕವಾಗಿ ತೋರಿಸುತ್ತಾರೆ, ಅದನ್ನು ನೀವು ತೆರೆದೇ ಇಲ್ಲ ಅನ್ನಿಸುತ್ತದೆ, ಮೊದಲು ಅದನ್ನೇ ತೆರೆಯಿರಿ. ಪ್ರತಿ ದೇಣಿಗೆಯ ಮುಂದೆ ಆ ವಕೀಲರ ಕೇಸು ಯಾವಾಗ ದಾಖಲಾಯಿತು, ಯಾವಾಗ ಇತ್ಯರ್ಥವಾಯಿತು ಎಂದು ಬರೆಯಿರಿ. ಹೊಂದದ್ದನ್ನು ಅಳಿಸದೆ ಹಾಗೇ ಬಿಡಿ. ಡಿಎ ಕಚೇರಿಗೆ ಪ್ರಶ್ನೆಗಳನ್ನು ಬರಹದಲ್ಲಿ ಕಳಿಸಿ, ಉತ್ತರಕ್ಕೆ ಮರ್ಯಾದೆಯ ಸಮಯ ಕೊಡಿ, ಶುಕ್ರವಾರ ಸಂಜೆ ಕಳಿಸಿ ಸೋಮವಾರ ‘ಪ್ರತಿಕ್ರಿಯೆಗೆ ಸಿಗಲಿಲ್ಲ’ ಅನ್ನಬೇಡಿ. ಪ್ರಚಾರ ಸಮಿತಿಯ ಖಜಾಂಚಿಗೆ ಬೇರೆಯಾಗಿ ಫೋನ್ ಮಾಡಿ, ಲೆಕ್ಕ ಬರೆಯುವವರು ಅವರು. ಹಿಂದಿರುಗಿಸಿದ್ದೇನಾದರೂ ಇದ್ದರೆ ಯಾರು ಹೇಳಿದ್ದಕ್ಕೆ ಹಿಂದಿರುಗಿಸಿದಿರಿ ಎಂದು ಕೇಳಿ. ಅವರು ಏನಂದರು ಎಂದು ನನಗೂ ಬರೆಯಿರಿ.

ನಿಮ್ಮ ಹಿರಿಯ ಸಹೋದ್ಯೋಗಿ